ಬೆರಿಲಿಯಂ ಗುಂಡಿಗೆ ಸುರಿದ ನಿಂಬೆಸಿಪ್ಪೆ

ಬಿಳಿಗುಟ್ಟೆ ನೆಲೆ
ಸನ್ 2431, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ನಾನೂರು ವರ್ಷದ ಹಿಂದೆ ನಮ್ಮ ಗುಟ್ಟೆಗುಡ್ಡದ ಬುಡದಲ್ಲಿ ಗುಂಡಿ ತೋಡಿಸಿದ ಹಿರಿಯರಿಗೆ,

ಹದಿಮೂರನೆಯ ತಿಂಗಳೆಂದರೆ ನಿಮಗೆ ನಗು ಬರಬಹುದು. ತಿಂಗಳಿಗೆ ಇಪ್ಪತ್ತೆಂಟೇ ದಿನವೆಂದು ನಾವು ಎಣಿಕೆ ಬದಲಿಸಿಕೊಂಡು ನೂರು ವರ್ಷವಾಯಿತು. ನನ್ನ ಕೆಲವು ಪದಗಳೂ ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅಷ್ಟಕ್ಕೇ. ಉಳಿದದ್ದಕ್ಕೆ ನೀವು ಕೇಳಬೇಕು. ಈ ಓಲೆ ಹಿಂದಕ್ಕೆ ಹರಿದು ನಿಮ್ಮನ್ನು ಮುಟ್ಟುವುದಿಲ್ಲವೆಂದು ಬಲ್ಲೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಸರು ಸೊಣ್ಣಮ್ಮ. ನಾನು ಈ ನೆಲೆಯ ನೀರೊಪ್ಪಿಗಾರ್ತಿ, ಅಂದರೆ ಬಾವಿಯ ನೀರನ್ನು ಪರೀಕ್ಷಿಸಿ ಬಳಸಲು ಒಪ್ಪಿಗೆ ಕೊಡುವವಳು. ಇಲ್ಲಿ ಬಯಲಲ್ಲಿ ಬೆಳೆ ನಿಲ್ಲುವುದಿಲ್ಲ. ಮಂಜುಮನೆಗಳಲ್ಲಿ ಬೆಳೆಯುತ್ತೇವೆ. ನೆಲದ ಮೇಲೆ ಹಾಯಿಸುವಷ್ಟು ನೀರಿಲ್ಲದ ಕಾರಣ ಇದ್ದ ನೀರನ್ನೇ ಹೊಗೆಯಷ್ಟು ಸಣ್ಣಗೆ ಸಿಂಪಡಿಸಿ ಗಿಡದ ಬೇರಿಗೆ ಉಣಿಸುವ ಕಟ್ಟಡಗಳವು. ಒಳಗೆ ಕೆಲಸ ಮಾಡುವವರು ದಿನವಿಡೀ ಆ ಮಂಜನ್ನೇ ಉಸಿರಾಡುತ್ತಾರೆ. ನನ್ನ ಅಕ್ಕ ಪಿಳ್ಳಮ್ಮ ಇಪ್ಪತ್ತು ವರ್ಷ ಅಲ್ಲಿ ನಿಂಬೆ ಬೆಳೆದವಳು. ನಿಂಬೆರಸ ಹಿಂಡಿ ದೂರದ ನೆಲೆಗಳಿಗೆ ಕಳಿಸಿ, ಬದಲಿಗೆ ರಾಗಿ ತರಿಸುತ್ತೇವೆ. ರಸವೇನೋ ಹೋಗುತ್ತದೆ, ಸಿಪ್ಪೆ ಇಲ್ಲೇ ಗುಡ್ಡವಾಗುತ್ತದೆ.

ಆ ಸಿಪ್ಪೆಗೆ ಜಾಗ ಹುಡುಕುವಾಗ ಸಿಕ್ಕಿದ್ದು ನಿಮ್ಮ ಗುಂಡಿ. ಬಾಯಿಗೆ ನಿಲ್ಲಿಸಿದ್ದ ಕಲ್ಲಿನಲ್ಲಿ ಕೆತ್ತಿಸಿದ್ದಿರಿ: ‘ಬೆರಿಲಿಯಂ ತ್ಯಾಜ್ಯ. ನೀರಿನಲ್ಲಿ ಕರಗುವುದಿಲ್ಲ. ಜೇಡಿಮಣ್ಣು ಹಿಡಿದಿಡುತ್ತದೆ. ಭಯವಿಲ್ಲ.’ ನಾನು ನಂಬಿದೆ. ಅಲ್ಲೇ ಸುರಿಯಿರೆಂದು ಸಭೆಯಲ್ಲಿ ಹೇಳಿದವಳೂ ನಾನೇ. ಒಂಬತ್ತು ವರ್ಷ ಸುರಿದರು.

ಹೋದ ವರ್ಷ ಅಕ್ಕನಿಗೆ ಒಣಕೆಮ್ಮು ಹತ್ತಿತು. ಆಮೇಲೆ ಹನ್ನೊಂದು ಜನಕ್ಕೆ. ಒಂದು ಮಧ್ಯಾಹ್ನ ಅವಳು ಬುಟ್ಟಿ ಇಳಿಸಿ ಬಾಗಿಲಲ್ಲೇ ಕುಸಿದು ಕುಳಿತು, "ಸೊಣ್ಣೀ, ಉಸ್ರು ಮೇಲಕ್ಕೇ ಬರ್ತಿಲ್ಲ ಕಣೇ. ನೀರ್ನಾಗೆ ಏನಾನ ಐತಾ ನೋಡೇ," ಅಂದಳು. ನೋಡಿದೆ. ನೀರಿಗೆ ಸುಣ್ಣದ ತಿಳಿ ಬೆರೆಸಿದರೆ ಬೆರಿಲಿಯಂನಂಥ ಲೋಹಗಳು ಬಿಳಿ ಲೋಳೆಯಾಗಿ ತಳ ಸೇರಬೇಕು. ಏನೂ ಸೇರಲಿಲ್ಲ. ಇನ್ನೊಮ್ಮೆ ನೋಡಿದೆ, ಕನ್ನಡಿಯಂಥ ನೀರು. ಎರಡು ಸಲವೂ ನನ್ನ ಕೈಯಾರೆ ಒಪ್ಪಿಗೆ ಬರೆದೆ. ಅಕ್ಕ ಮಾರನೆಯ ದಿನ ಮತ್ತೆ ಮಂಜಿನೊಳಕ್ಕೆ ಹೋದಳು.

ನಿಮ್ಮ ಕಲ್ಲಿನಲ್ಲಿ ಸುಳ್ಳಿಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು! ಬರಿ ನೀರಿನಲ್ಲಿ ಬೆರಿಲಿಯಂ ನಿಜಕ್ಕೂ ಕರಗದು, ಮಣ್ಣಿಗೆ ಅಂಟಿಕೊಳ್ಳುತ್ತದೆ. ಆದರೆ ನಿಂಬೆಯ ಹುಳಿಗೆ ಹಲವು ಕೈಗಳಿವೆ. ಏಡಿ ಕಾಳನ್ನು ಕೊಂಡಿಯಲ್ಲಿ ಹಿಡಿಯುವಂತೆ ಅದು ಲೋಹವನ್ನು ನಾಲ್ಕು ಕಡೆಯಿಂದ ತಬ್ಬಿ ಮಣ್ಣಿನಿಂದ ಕಿತ್ತುಕೊಳ್ಳುತ್ತದೆ. ತಬ್ಬಿದ ಜೋಡಿ ನೀರಿನಲ್ಲಿ ಕರಗಿಯೇ ಇರುತ್ತದೆ. ಜೇಡಿಮಣ್ಣಿಗೆ ಅದು ಅಂಟುವುದಿಲ್ಲ, ಸುಣ್ಣಕ್ಕೆ ಬಗ್ಗುವುದಿಲ್ಲ. ಹಾಗೇ ಗುಂಡಿಯಿಂದ ಇಳಿದು ನಮ್ಮ ಬಾವಿ ಸೇರಿತು, ಬಾವಿಯಿಂದ ಮಂಜಿಗೆ, ಮಂಜಿನಿಂದ ಅಕ್ಕನ ಎದೆಗೆ. ಹುಣಸೆಯ ಹುಳಿ, ಕೊಳೆತ ಎಲೆಯ ಹುಳಿ ಕೂಡ ಒಂದಿಷ್ಟು ಇದೇ ಕೆಲಸ ಮಾಡುತ್ತವೆ. ಇದು ನಿಮಗೆ ಗೊತ್ತಿತ್ತು. ನಿಮ್ಮ ಕಾಲದ ಪುಸ್ತಕಗಳಲ್ಲೇ ಇದೆ, ಕೆಲವು ತಿಂಗಳ ಹಿಂದೆ ಓದಿದೆ. ಕಲ್ಲಿನ ಮೇಲೆ ಇನ್ನೊಂದು ಸಾಲಿಗೆ ಜಾಗವೂ ಇತ್ತು. ಯಾಕೆ ಬರೆಸಲಿಲ್ಲ? ಉಳಿ ಮೊಂಡಾಗಿತ್ತೆ?

ಓದಿದ ಮೇಲೆ ಬಾವಿಯ ನೀರನ್ನು ಬತ್ತಿಸಿ, ಉಳಿದ ಚೂರನ್ನು ಕೆಂಪಗೆ ಕಾಯಿಸಿ ಹುಳಿಯನ್ನು ಸುಟ್ಟೆ. ತಬ್ಬಿದ ಕೈಗಳು ಹೋದ ಮೇಲೆ ಬೂದಿಯನ್ನು ತೀಕ್ಷ್ಣ ಆಮ್ಲದಲ್ಲಿ ಕರಗಿಸಿ ಸುಣ್ಣದ ತಿಳಿ ಹಾಕಿದರೆ, ಬಟ್ಟಲ ತಳದಲ್ಲಿ ಬಿಳಿ ಲೋಳೆ ಕುಳಿತಿತು. ಅದಕ್ಕೆ ಕ್ಷಾರ ಬೆರೆಸಿ, ಹಲಸಿನ ಚೆಕ್ಕೆಯಿಂದ ತೆಗೆದ ಹಳದಿ ಬಣ್ಣದ ಹನಿ ಬಿಟ್ಟು ನೇರಳೆ ದೀಪದಡಿ ಹಿಡಿದೆ. ಬಟ್ಟಲು ಹಸಿರಾಗಿ ಹೊಳೆಯಿತು. ಬೆರಿಲಿಯಮ್ಮಿನ ಗುರುತು ಅದು.

ಬಟ್ಟಲನ್ನೂ ನೇರಳೆ ದೀಪವನ್ನೂ ಸಭೆಗೆ ಒಯ್ದು ಆ ಹಸಿರನ್ನು ತೋರಿಸಿದೆ. ನೆಲೆಯ ಹಿರಿಯ ಬೈಚಣ್ಣ ಕೆರಳಿದ. "ಎರ್ಡು ಸಲ ನೀನೇ ಒಪ್ಪಿಗೆ ಕೊಟ್ಟೆ. ಈಗ ಮಂಜುಮನೆ ಮುಚ್ಚಿ ಅಂದ್ರೆ ಜನ ಏನು ಕಲ್ಲು ತಿನ್ನಾದಾ?"

"ತಪ್ಪು ನಂದೇ ಬೈಚಣ್ಣ. ಸಿಪ್ಪೆ ಅಲ್ಲಿಗೆ ಹಾಕ್ಸಿದ್ದೂ ನಾನೇ, ಪರೀಕ್ಷೆ ತಪ್ಪಿದ್ದೂ ನಾನೇ. ಮುಚ್ಚದಿದ್ರೆ ನಾಳೆ ಒಳಗೆ ನಾನೇ ಹೋಗ್ತೀನಿ, ನಿನ್ ಮಗಳನ್ನ ಹೊರಗೆ ಕರ್ಕೋ."

ಮಂಜುಮನೆಯಲ್ಲಿ ದುಡಿಯುತ್ತಿದ್ದ ಅವನ ಮಗಳೂ ಕೆಮ್ಮುತ್ತಿದ್ದಳು. ಬೈಚಣ್ಣ ಎದ್ದು ತಾನೇ ಹೋಗಿ ಮಂಜುಮನೆಗಳ ನೀರಿನ ತಿರುಪು ಮುಚ್ಚಿದ. ಈಗ ಎರಡು ಹರಿದಾರಿ ದೂರದ ಬಾವಿಯಿಂದ ನೀರು ಹೊರುತ್ತೇವೆ. ರಾಗಿ ಅರ್ಧ ಹೊಟ್ಟೆಗೆ ಬರುತ್ತದೆ. ಸಿಪ್ಪೆಯನ್ನೆಲ್ಲ ನಾನೂ ಇನ್ನು ನಾಲ್ವರೂ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಎತ್ತಿದೆವು. ಬೈಚಣ್ಣನ ಮಗಳು ಸುಧಾರಿಸುತ್ತಿದ್ದಾಳೆ. ಕೆಮ್ಮಿದವರಲ್ಲಿ ಇಬ್ಬರನ್ನು ಮಣ್ಣು ಮಾಡಿದೆವು.

ನಿಮ್ಮಲ್ಲಿ ಒಂದೇ ಬೇಡಿಕೆ. ಏನನ್ನಾದರೂ ಹೂಳುವಾಗ ಅದು ಯಾವುದರಲ್ಲಿ ಕರಗುವುದಿಲ್ಲವೆಂದು ಬರೆದು ಕೈತೊಳೆದುಕೊಳ್ಳಬೇಡಿ. ಯಾವುದರ ಜೊತೆ ಸೇರಿದರೆ ಕರಗುತ್ತದೆಂದು ಬರೆಯಿರಿ. ನಮ್ಮ ನಂತರದವರಿಗಾಗಿ ಅದನ್ನು ನಾನು ಬರೆದಿಟ್ಟಿದ್ದೇನೆ, ನನ್ನ ತಪ್ಪನ್ನೂ ಸೇರಿಸಿ.

ಇನ್ನು ಸಾಕು. ಹೊರಗೆ ಅಕ್ಕ ಮೆಟ್ಟಿಲು ಹತ್ತುತ್ತಿದ್ದಾಳೆ. ನಿನ್ನೆ ಮೂರು ಹತ್ತಿದ್ದಳು. ಇವತ್ತು ನಾಲ್ಕನೆಯದರಲ್ಲಿ ನಿಂತಿದ್ದಾಳೆ, ಕೈ ಹಿಡಿಯಲು ಹೋದರೆ ಬೈಯುತ್ತಾಳೆ. ಬೈಯುವಷ್ಟು ಉಸಿರಾದರೂ ಇದೆಯಲ್ಲ, ಹೋಗಿ ಬೈಸಿಕೊಳ್ಳುತ್ತೇನೆ.

ಸೊಣ್ಣಮ್ಮ