ಎಡಗಡೆಯ ಡ್ರಮ್

ಗುರುವಾರ, ಮಧ್ಯಾಹ್ನ

ತಮ್ಮನ ಮನೆ ಜಗಲಿ ಮೇಲೆ ಮುಖ ಊದಿಸಿಕೊಂಡು ಕೂತಿರುವ ನನ್ನ ಯಜಮಾನರಿಗೆ,

ಕ್ಷೇಮವೇ ಅಂತ ಕೇಳುವುದಿಲ್ಲ. ಹೊತ್ತುಹೊತ್ತಿಗೆ ಪಟ್ಟಾಗಿ ಉಣ್ಣುತ್ತೀರಂತೆ, ನನ್ನ ಫೋನ್ ಬಂದಾಗ ಮಾತ್ರ ಕಿವುಡರಾಗುತ್ತೀರಂತೆ. ನಿಮ್ಮ ತಮ್ಮನ ಹೆಂಡತಿ ಎಲ್ಲ ಹೇಳಿದ್ದಾಳೆ. ಫೋನ್ ಎತ್ತದ ಗಂಡಸಿಗೆ ಕಾಗದ ಬರೆಯುವ ಗತಿ ನನಗೆ ಬಂತು. ನನ್ನದು ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ನಾಲ್ಕನೇ ಕ್ಲಾಸಿಗೇ ನಮ್ಮಪ್ಪ ಶಾಲೆ ಬಿಡಿಸಿ, ಕಬ್ಬಿಣ ಕಡೆಯುವ ಲೇತ್ ಮುಂದೆ ನಿಲ್ಲಿಸಿದ. ಓದಲಾಗದಿದ್ದರೆ ತಮ್ಮನ ಕೈಲಿ ಓದಿಸಿಕೊಳ್ಳಿ, ಅಣ್ಣನ ಪ್ರತಾಪ ಅವನಿಗೂ ಗೊತ್ತಾಗಲಿ.

ಹಾಲಿನ ವ್ಯಾನಿನವನು ಗೋಣಿಚೀಲ ತಂದು ನನ್ನ ಬಾಗಿಲಲ್ಲಿ ದಢಾರನೆ ಎಸೆದು ಹೋದ. ಒಳಗೆ ನಿಮ್ಮ ಟ್ರ್ಯಾಕ್ಟರಿನ ಎರಡು ಬ್ರೇಕ್ ಡ್ರಮ್, ಮೇಲೊಂದು ಚೀಟಿ. ಬೇಗ ಬೇಕು ಅಂತ ಬರೆದಿದ್ದೀರಿ. ಯಾರಿಗೆ ಸ್ವಾಮಿ ಈ ಹುಕುಂ?

ಡ್ರಮ್ ಮಗುಚಿ ನೋಡಿದೆ. ಒಳಗೋಡೆಗೆಲ್ಲ ಕೆಂಪು ಬಣ್ಣ! ಅಲ್ಲ ರೀ, ಬ್ರೇಕ್ ಶೂ ಉಜ್ಜಿ ಹಿಡಿಯಬೇಕಾದ ಜಾಗ ಅದು. ಅಲ್ಲಿ ಬಣ್ಣ ಬಳಿದರೆ ಗಾಡಿ ನಿಲ್ಲುತ್ತದೆಯೇ, ಎಣ್ಣೆ ಸುರಿದ ನೆಲದ ಮೇಲೆ ಹೋದ ಹಾಗೆ ಜಾರುತ್ತದೆಯೇ? ಎಲ್ಲ ಕಡೆ ಹೊಳೆಯಲಿ ಅಂತ ಬಳಿದೆ ಅಂದಿರಂತೆ. ಮುಚ್ಚಿ ಬೋಲ್ಟ್ ಬಿಗಿದ ಮೇಲೆ ಒಳಗೆ ಇಣುಕಿ ನೋಡುವವರು ಯಾರು, ಇಲಿಗಳೇ? ಇಷ್ಟು ವರ್ಷ ಲೇತ್ ಪಕ್ಕದಲ್ಲೇ ಬಾಳಿ ನೀವು ಕಲಿತದ್ದು ಇದು. ಲೇತ್ ಪಕ್ಕ ನಾಯಿ ಕಟ್ಟಿದ್ದರೆ ಅದಕ್ಕೂ ಇದಕ್ಕಿಂತ ಹೆಚ್ಚು ಬುದ್ಧಿ ಬರುತ್ತಿತ್ತು.

ಜಗಳದ ದಿನ ನಾನು ಅಂದದ್ದರಲ್ಲಿ ಒಂದಕ್ಷರವನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಬ್ರೇಕ್ ಹಿಡಿಯದೆ ಗಾಡಿ ಬಂದು ನನ್ನ ವರ್ಕ್‌ಶಾಪಿಗೆ ಗುದ್ದಿತು, ಕಿಟಕಿಯ ಗಾಜು ಪುಡಿಯಾಗಿ ಲೇತ್ ಮೇಲೆಲ್ಲ ಬಿತ್ತು. ನಿಮ್ಮಪ್ಪನ ಕಾಲದ ಈ ಡಬ್ಬಾ ಗುಜರಿಗೆ ಹಾಕಿ, ಜೊತೆಗೆ ನೀವೂ ತಕ್ಕಡಿ ಹತ್ತಿ ಅಂದೆ. ಅಷ್ಟಕ್ಕೇ ಅದೇ ಗಾಡಿ ಏರಿ ಮನೆ ಬಿಟ್ಟು ಹೊರಟಿರಿ. ಸಿಟ್ಟು ಬಂದ ಗಂಡಸರು ಬಿರಬಿರನೆ ಹೋಗುತ್ತಾರೆ. ನೀವು ಒಂದನೇ ಗೇರಿನಲ್ಲಿ ಆಮೆಯ ಹಾಗೆ ಹೋದಿರಿ. ನಾನು ಬೈದು, ಒಳಗೆ ಹೋಗಿ ನೀರು ಕುಡಿದು ಬಂದರೂ ಇನ್ನೂ ಬೀದಿ ದಾಟಿರಲಿಲ್ಲ. ಮತ್ತೆ ಬೈದೆ. ಅಲ್ಲಿ ನಿಲ್ಲಿಸೋಕೆ ತಮ್ಮನ ಹುಲ್ಲಿನ ಬಣವೆಯೇ ಬೇಕಾಯಿತಂತೆ. ಮರ್ಯಾದಸ್ಥರು!

ಈಗ ಭಾನುವಾರ ಹಳೇ ಗಾಡಿಗಳ ಮೆರವಣಿಗೆ ಬೇರೆ. ಗುಡ್ಡದಿಂದ ಸೇತುವೆ ತನಕ ಇಳಿಜಾರಿನಲ್ಲಿ ನೀವು ಓಡಿಸುವುದಂತೆ, ಮೊಮ್ಮಗಳು ಮಡ್‌ಗಾರ್ಡ್ ಮೇಲೆ ಕೂತು ಜನಕ್ಕೆ ಕೈ ಬೀಸುವುದಂತೆ. ಮಗಳು ಫೋನ್ ಮಾಡಿ, ಅಮ್ಮಾ, ಅಪ್ಪ ಕೇಳಿದರು ಅಂತ ಮಗೂನ ಕೂರಿಸೋಕೆ ಹೂಂ ಅಂದುಬಿಟ್ಟೆ, ಬ್ರೇಕ್ ಸರಿಯಾಗಿದೆ ತಾನೇ ಅಂತ ಕೇಳಿದಳು. ಏನು ಹೇಳಲಿ? ಬಣ್ಣ ಚೆನ್ನಾಗಿದೆ ಅಂದೆ. ಆಮೇಲೆ ಊಟ ಸೇರಲಿಲ್ಲ. ಆ ಇಳಿಜಾರಿನ ಕೊನೆಗೆ ಇರುವುದು ಹೊಳೆ ರೀ, ಬಣವೆಯಲ್ಲ. ಆ ಕೂಸಿನ ಕಾಲು ತರಚಿದರೂ ನಿಮ್ಮನ್ನು ಸುಮ್ಮನೆ ಬಿಡುವವಳಲ್ಲ ನಾನು.

ಅದಕ್ಕೇ ಕೆಲಸ ಹಿಡಿದೆ, ನಿಮ್ಮ ಚೀಟಿ ನೋಡಿ ಅಲ್ಲ. ಬಣ್ಣ ಕೆರೆದು ಅಳೆದೆ. ಬಲಗಡೆಯ ಡ್ರಮ್ ಇನ್ನೂ ಗಟ್ಟಿ, ತೆಳ್ಳಗೆ ಒಂದು ಪದರ ತೆಗೆದದ್ದಕ್ಕೇ ನುಣ್ಣಗಾಯಿತು. ಎಡಗಡೆಯದು ಸವೆದು ತಗಡಾಗಿದೆ. ಆಗದೆ ಏನು? ಎರಡು ಚಕ್ರಕ್ಕೆ ಎರಡು ಪೆಡಲ್ ಕೊಟ್ಟಿದ್ದಾರೆ, ನೀವು ಜೀವಮಾನವಿಡೀ ಎಡಗಡೆಯದನ್ನೇ ತುಳಿದು, ವರ್ಕ್‌ಶಾಪಿನ ಪಕ್ಕದ ನಮ್ಮ ಹೊಲದ ಅಂಚಿನಲ್ಲಿ ಎಡಕ್ಕೇ ತಿರುಗಿಸಿದಿರಿ. ಒಮ್ಮೆ ಹಾಗೆ ಒಮ್ಮೆ ಹೀಗೆ ತಿರುಗಿಸಿ ಅಂತ ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ಎಡಕ್ಕೆ ತಿರುಗಿದರೆ ಕಿಟಕಿಯಲ್ಲಿ ನೀನು ಲೇತ್ ಮುಂದೆ ನಿಂತಿರುವುದು ಕಾಣುತ್ತದೆ ಅಂದಿರಿ. ಆಗ ಹಲ್ಲು ಕಿಸಿದೆ, ನನಗೂ ಬುದ್ಧಿ ಇರಲಿಲ್ಲ. ಆ ಚೆಂದದ ಮಾತು ಎಷ್ಟು ಕಬ್ಬಿಣ ತಿಂದಿದೆ ಅಂತ ಈಗ ಕ್ಯಾಲಿಪರ್ ಇಟ್ಟು ಅಳೆದು ನೋಡಿದೆ.

ಬೇರೆ ಯಾರಾದರೂ ಅದನ್ನು ಎಸೆಯುತ್ತಿದ್ದರು. ಇಂಥ ಡ್ರಮ್ ಈಗ ಎಲ್ಲೂ ಸಿಗುವುದಿಲ್ಲ. ಲಾರಿಯ ಹಳೇ ಡ್ರಮ್ಮಿನಿಂದ ಒಂದು ಬಳೆ ಕಡೆದೆ. ನಿಮ್ಮದನ್ನು ಒಳಗಿನಿಂದ ಕೊರೆದು, ಒಲೆಯಲ್ಲಿ ಕಾಯಿಸಿ, ಹಿಗ್ಗಿದಾಗ ಬಳೆಯನ್ನು ಒಳಗಿಳಿಸಿದೆ. ತಣಿಯುತ್ತಾ ತಣಿಯುತ್ತಾ ಬಿಗಿಯಾಗಿ ಕಚ್ಚಿಕೊಂಡಿತು. ಸುತ್ತಿಗೆಯಲ್ಲಿ ತಟ್ಟಿದೆ, ಗಂಟೆಯ ಹಾಗೆ ನಾದ ಕೊಟ್ಟಿತು. ನಿಮ್ಮ ತಲೆಗೆ ತಟ್ಟಿದ್ದರೆ ಅಷ್ಟೂ ಬರುತ್ತಿರಲಿಲ್ಲ.

ಜೋಡಿಸುವಾಗ ತಮ್ಮನನ್ನು ದೂರ ಇಡಿ. ಮೊದಲು ಸಮ ನೆಲದಲ್ಲಿ ಒಬ್ಬರೇ ಓಡಿಸಿ ನೋಡಿ. ಆಮೇಲೆ ಕೂಸನ್ನು ಹತ್ತಿಸಿ. ಒಳಗೆ ಬಣ್ಣದ ಬ್ರಷ್ ಮುಟ್ಟಿಸಿದರೆ ಲೇತ್‌ಗೆ ಕೊಟ್ಟು ಬೆರಳು ಕಡೆದುಹಾಕುತ್ತೇನೆ.

ಇಂತಿ,
ನಿಮ್ಮನ್ನು ಪೂರ್ತಿ ಬೈದು ಇನ್ನೂ ಮುಗಿಸದ
ನಿಮ್ಮ ಹೆಂಡತಿ

ಮರೆತಿದ್ದು: ಮೇಲೆ ಬರೆದದ್ದನ್ನು ಮಾಡೋಕೆ ಈಗಲೇ ಎದ್ದುಬಿಡಬೇಡಿ. ಈ ಕಾಗದದ ಜೊತೆ ಕಳಿಸಿದ ಚೀಲದಲ್ಲಿ ಬಲಗಡೆಯದು ಮಾತ್ರ ಇದೆ. ಒಂದೇ ಕಡೆ ಬ್ರೇಕ್ ಇಟ್ಟುಕೊಂಡು ಹೊರಟರೆ ಗಾಡಿ, ತನ್ನ ಬಾಲ ಹಿಡಿಯಲು ಹೋದ ನಾಯಿಯ ಹಾಗೆ ನಿಂತಲ್ಲೇ ಸುತ್ತುತ್ತದೆ. ಎಡಗಡೆಯದು ನನ್ನ ಲೇತ್ ಮೇಲಿದೆ. ಅದರ ಅಳತೆಗೆ ಬ್ರೇಕ್ ಶೂ ಉಜ್ಜಿ ಕೂರಿಸಬೇಕು, ಶೂ ನಿಮ್ಮ ಹತ್ತಿರ ಇದೆ. ಶನಿವಾರದೊಳಗೆ ನೀವೇ ಹಿಡಿದುಕೊಂಡು ಬನ್ನಿ. ವ್ಯಾನಿನವನ ಕೈಲಿ ಕಳಿಸಿದರೆ ಅವನ ಕೈಲೇ ವಾಪಸ್ ಬರುತ್ತದೆ. ಕಿಟಕಿಗೆ ಹೊಸ ಗಾಜು ಹಾಕಿಸಿದ್ದೇನೆ. ನಿಮಗೋಸ್ಕರ ಅಂದುಕೊಂಡು ಬೀಗಬೇಡಿ, ಧೂಳು ಬರುತ್ತಿತ್ತು.