ಬಳ್ಳಿಯ ಬುಡದ ಕೆಸರು

ಚುಗುರೇತಿ, ತ್ಬಿಲಿಸಿ
ಅಕ್ಟೋಬರ್ ೯, ಗುರುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ನೋವು ಹೇಗಿದೆ? ಆ ನೇಪಲ್ಸಿನ ಮುದುಕಿ ಇನ್ನೂ ಒಂದು ಲೋಟ ಕಾಫಿಗೆ ಮೂರು ಸಲ ನಿನ್ನನ್ನು ಮೆಟ್ಟಿಲು ಹತ್ತಿಸುತ್ತಾಳೆಯೇ? ಅವಳನ್ನು ನೋಡಿಕೊಳ್ಳಲು ಹೋದವಳು ನೀನು, ಅವಳಿಗಿಂತ ಮೊದಲೇ ಹಾಸಿಗೆ ಹಿಡಿಯಬೇಡ. ನಾಳೆಯ ವ್ಯಾನಿನಲ್ಲಿ ಹುಳಿ ಪ್ಲಮ್ಮಿನ ಚಟ್ನಿ, ಸುಲುಗುನಿ ಚೀಸು, ಉಣ್ಣೆ ಕಾಲುಚೀಲ ಕಳಿಸುತ್ತಿದ್ದೇನೆ. ಚುರ್ಚ್‌ಖೇಲಾ ಮಿಠಾಯಿ ಇಟ್ಟಿಲ್ಲ. ದ್ರಾಕ್ಷಿರಸದಲ್ಲಿ ಮಾಡಿದ್ದು ಯಾವುದೂ ನಿನಗೆ ಸೇರುವುದಿಲ್ಲವೆಂದು ಗೊತ್ತು. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ, ತಮ್ಮ ಮಾಲ್ಖಾಜನ ಹೆಸರೆತ್ತಿದ ಕೂಡಲೇ ನೀನು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಸಿಟ್ಟಿನಲ್ಲಿ ಎಸೆದರೂ ಮತ್ತೆ ಎತ್ತಿಕೊಳ್ಳಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ನೀನು ಎರಡು ಅಪ್ಪಣೆ ಕೊಟ್ಟೆ. ಅಂಗಳದ ದ್ರಾಕ್ಷಿ ಬಳ್ಳಿಯನ್ನು ಕಡಿಸಬೇಕು. ನಮ್ಮ ಲ್ಯಾಬಿನಲ್ಲಿರುವ ‘ಅದನ್ನು’ ಸುಟ್ಟುಹಾಕಬೇಕು. ಅಲ್ಲಿಯ ತನಕ ಈ ಮನೆಗೆ ಕಾಲಿಡುವುದಿಲ್ಲ ಎಂದೆ. ನಿನ್ನ ಸಂಕಟ ನನಗೆ ಅರ್ಥವಾಗದೆ ಇಲ್ಲ. ಮಾಲ್ಖಾಜ್ ಕಾಲಿನ ಗಾಯ ಕೊಳೆತು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀನು ಮೂಗರಳಿಸಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನೋಡೇ, ನಮ್ಮ ಅಂಗಳದ ದ್ರಾಕ್ಷಿ ಘಮ ಘಮ ಅಂತಿದೆ! ದೇವರ ತಾಯಿ ಬಂದು ನಿಂತಿದಾಳೆ. ಇನ್ನು ನನ್ನ ಮಗ ಎದ್ದು ಕೂತ್ಕೊತಾನೆ.” ಅದು ದ್ರಾಕ್ಷಿಯಲ್ಲ, ಗಾಯದೊಳಗೆ ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ವಾಸನೆ ಎಂದು ಡಾಕ್ಟರು ಹೇಳಿದಾಗ ನಿನ್ನ ಮುಖ ಹೇಗಾಯಿತೆಂದು ನಾನು ನೋಡಿದ್ದೇನೆ. ಅವನು ಹೋದ ಮೇಲೆ ಈ ಬಳ್ಳಿ ಹಣ್ಣು ಬಿಟ್ಟ ಪ್ರತಿ ಶರತ್ಕಾಲವೂ ನಿನಗೆ ಅದೇ ಆಸ್ಪತ್ರೆಯ ಕೋಣೆಯಾಯಿತು, ನೀನು ದೇಶವನ್ನೇ ಬಿಟ್ಟೆ.

ಆದರೆ ನಾನು ದಿನವೂ ಆ ಕೋಣೆಗೇ ಹೋಗಿ ಬರುತ್ತೇನಮ್ಮಾ. ಅವನ ಗಾಯದಿಂದ ತೆಗೆದ ಬ್ಯಾಕ್ಟೀರಿಯಾ ನಮ್ಮ ಲ್ಯಾಬಿನ ಫ್ರೀಜರಿನಲ್ಲಿದೆ, ಸೀಸೆಯ ಮುಚ್ಚಳದ ಮೇಲೆ ಅವನ ಹೆಸರಿನ ಅಕ್ಷರಗಳಿವೆ. ಅದನ್ನು ಎಬ್ಬಿಸಿ, ಪೆಟ್ರಿ ತಟ್ಟೆಯ ಮೇಲೆ ಸವರಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಮಾರನೆಯ ದಿನ ಬಾಗಿಲು ತೆರೆದರೆ ದ್ರಾಕ್ಷಿಯ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯುತ್ತದೆ. ಬೆನ್ನ ಹಿಂದೆ ಅವನು ಬಂದು ನಿಂತಂತಾಗಿ ನಾನು ತಿರುಗಿ ನೋಡುತ್ತೇನೆ. ನೇರಳಾತೀತ ದೀಪದ ಕೆಳಗೆ ಹಿಡಿದರೆ ತಟ್ಟೆಯೆಲ್ಲ ಹಸಿರಾಗಿ ಹೊಳೆಯುತ್ತದೆ. ಈಸ್ಟರಿನಲ್ಲಿ ಅವನ ಸಮಾಧಿಯ ಮೇಲೆ ಕೆಂಪು ಮೊಟ್ಟೆ ಉರುಳಿಸುವಾಗಲೂ ಅವನು ಅಷ್ಟು ಹತ್ತಿರವಿದ್ದಾನೆ ಎನಿಸುವುದಿಲ್ಲ. ಅವನನ್ನು ತಿಂದದ್ದು ಇದೇ. ಅವನದೆಂದು ಜೀವಂತವಾಗಿ ಉಳಿದಿರುವುದೂ ಇದೊಂದೇ. ಲ್ಯಾಬಿನ ನಾಜಿಬ್ರೋಲಾ ಅಕ್ಕ ಒಮ್ಮೆ ತಮಾಷೆಗೆ, “ಏನೇ ನನೂಲಿ, ತಮ್ಮಂಗೆ ಊಟ ಹಾಕಿದ್ಯಾ?” ಎಂದು ಕೇಳಿ, ನನ್ನ ಮುಖ ನೋಡಿ ತಾನೇ ಹೆದರಿ ಶಿಲುಬೆಯ ಗುರುತು ಮಾಡಿಕೊಂಡಳು.

ಬಳ್ಳಿಯನ್ನು ಕಡಿದಾಯಿತು. ವಾಲಿಕೋ ಮಾವ ಗರಗಸ ಹಿಡಿದು ಬಂದವನೇ, “ಅಕ್ಕ ಹೇಳಿದ್ಮೇಲೆ ಮುಗೀತು. ಅವಳ ಬಾಯಿಗೆ ಸಿಗೋ ಗ್ರಹಚಾರ ನಂಗ್ಯಾಕೆ?” ಎಂದು ಕೆಲಸ ಶುರು ಮಾಡಿದ. ನಾನು ಅತ್ತೆ, ಸುಳ್ಳು ಹೇಳುವುದಿಲ್ಲ. ಬೇರು ಅಗೆದಾಗ ಕೆಳಗಿನಿಂದ ಕರೀ ಕೆಸರು ಬಂತು. ಮಾಲ್ಖಾಜನ ಗಾಯದ ಬಟ್ಟೆಗಳನ್ನು ನೀನು ಅಂಗಳದ ಕಲ್ಲುತೊಟ್ಟಿಯಲ್ಲಿ ಒಗೆಯುತ್ತಿದ್ದೆಯಲ್ಲ, ಆ ನೀರೆಲ್ಲ ಹರಿದು ನಿಲ್ಲುತ್ತಿದ್ದದ್ದು ಅಲ್ಲೇ. ನಾನು ಒಂದು ಜಾಡಿ ತುಂಬಿಕೊಂಡೆ. “ಬೇರೆ ಹೆಣ್ಮಕ್ಕಳು ಅಂಗಳದಿಂದ ಹೂ ತಗೊಂಡು ಹೋಗ್ತಾರೆ, ನೀನು ಕೆಸರು! ನಿನ್ನ ಯಾವನು ಮದುವೆ ಆಗ್ತಾನೆ?” ಎಂದು ಮಾವ ನಕ್ಕ.

ಆ ಹೊತ್ತಿಗೆ ಎಲಿಕೋ ಎಂಬ ಹೆಂಗಸು ಆಸ್ಪತ್ರೆ ಸೇರಿದ್ದಳು. ರೊಟ್ಟಿ ಒಲೆಯೊಳಗೆ ಬಗ್ಗಿ ಎರಡೂ ಕೈ ಸುಟ್ಟುಕೊಂಡವಳು. ಗಾಯದಲ್ಲಿ ಅದೇ ಜಾತಿಯ ಬ್ಯಾಕ್ಟೀರಿಯಾ, ಯಾವ ಮದ್ದಿಗೂ ಬಗ್ಗುತ್ತಿಲ್ಲ. ಬ್ಯಾಕ್ಟೀರಿಯಾವನ್ನು ತಿನ್ನುವ ನಮ್ಮ ಫೇಜ್‌ಗಳು, ನೀನು ‘ತಿನ್ನುಬಾಕರು’ ಎನ್ನುತ್ತಿದ್ದೆಯಲ್ಲ, ಲ್ಯಾಬಿನಲ್ಲಿದ್ದ ಒಂದೂ ಅದನ್ನು ಮುಟ್ಟಲಿಲ್ಲ. ಮಾಲ್ಖಾಜನಿಗೂ ಹೀಗೇ ಆಗಿತ್ತು. ಹೊಸ ಫೇಜ್ ಹುಡುಕಿ ನದಿಯ ನೀರು, ಚರಂಡಿ ನೀರು, ಎಲ್ಲ ಸೋಸಿ ನೋಡಿದೆವು. ಕೊನೆಗೆ ನಮ್ಮ ಕೆಸರನ್ನು ಸೋಸಿ ಮಾಲ್ಖಾಜನ ತಟ್ಟೆಗೆ ಹಾಕಿದೆ. ಮಾರನೆಯ ದಿನ ದೀಪದಡಿ ಹಿಡಿದರೆ, ಆ ಹಸಿರು ಹೊಳಪಿನ ತುಂಬ ನುಸಿ ತಿಂದ ಶಾಲಿನ ಹಾಗೆ ಕಪ್ಪು ತೂತುಗಳು! ತಿನ್ನುಬಾಕರು ಬಂದಿದ್ದರು. ಎಲಿಕೋಳ ತಟ್ಟೆಯಲ್ಲೂ ತೂತು ಬಿತ್ತು. ನಾನು ಕುಣಿಯಬೇಕಿತ್ತು, ನೆಲದ ಮೇಲೆ ಕೂತು ಬಾಯಿಗೆ ಕೈ ಅಡ್ಡ ಹಿಡಿದು ಅತ್ತೆ. ನೀನು ಒಗೆದು ಚೆಲ್ಲಿದ ನೀರಿನಲ್ಲಿ ಅವನ ಮದ್ದು ಆಗಲೇ ಇತ್ತೋ, ಆಮೇಲೆ ಹುಟ್ಟಿತೋ, ಇದನ್ನು ಯಾರೂ ಹೇಳಲಾರರು. ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಈಗ ನಿನ್ನ ಎರಡನೆಯ ಅಪ್ಪಣೆ. ಈ ಫೇಜ್ ಸಮೃದ್ಧವಾಗಿ ಬೆಳೆಯುವುದು ಮಾಲ್ಖಾಜನ ಬ್ಯಾಕ್ಟೀರಿಯಾದ ಮೇಲೆ ಮಾತ್ರ, ಅದನ್ನು ಸುಟ್ಟರೆ ಮದ್ದೂ ಇಲ್ಲ. ಸೋಮವಾರದಿಂದ ಎಲಿಕೋಳ ಗಾಯಕ್ಕೆ ಹಾಕುತ್ತಿದ್ದಾರೆ, ಫಲ ಇನ್ನೂ ಗೊತ್ತಿಲ್ಲ. ಮಗನನ್ನು ಕೊಂದದ್ದಕ್ಕೆ ಅನ್ನ ಹಾಕುವ ಮಗಳ ಮನೆಗೆ ಬರಲು ನಿನಗೆ ಮನಸ್ಸಾಗದಿದ್ದರೆ ನಾನು ತಪ್ಪೆನ್ನುವುದಿಲ್ಲ. ಆದರೂ ನೀನು ಬರಬೇಕು. ನೀನಿಲ್ಲದ ಈ ಅಂಗಳದಲ್ಲಿ ನನಗೆ ಭಯವಾಗುತ್ತದೆ.

ಮಾವ ನಿನ್ನನ್ನು ಕೇಳಿದನೆಂದು ಹೇಳಲು ಹೇಳಿದ್ದಾನೆ. ಬೆನ್ನಿಗೆ ಶಾಲು ಹೊದ್ದುಕೊ. ದೇವರ ತಾಯಿ ನಿನ್ನ ಮಂಡಿಗಳನ್ನು ಕಾಯಲಿ.

ನಿನ್ನ
ನನೂಲಿ

ಮತ್ತೆ ಸೇರಿಸಿದ್ದು: ಶುಕ್ರವಾರ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಈಗಷ್ಟೇ ಆಸ್ಪತ್ರೆಯಿಂದ ಬಂದೆ. ಜ್ವರ ಇಳಿದಿದೆ ಎಂದರು ಡಾಕ್ಟರು. ಆದರೆ ಎಲಿಕೋಳ ತಾಯಿ ಬಾಗಿಲಲ್ಲೇ ನನ್ನ ಕೈ ಹಿಡಿದು ಅಳುತ್ತಿದ್ದಳು: “ಇಷ್ಟು ದಿನ ರೂಮಲ್ಲಿ ದ್ರಾಕ್ಷಿ ಘಮ ಇತ್ತು ಕಣಮ್ಮಾ, ದೇವರು ಬಂದು ನಿಂತಂಗೆ. ಇವತ್ತು ಇಲ್ಲ. ನನ್ನ ಮಗಳ ಕೈ ಬಿಟ್ಟುಬಿಟ್ನಾ ದೇವರು?” ಆ ಘಮ ಹೋದದ್ದೇ ಒಳ್ಳೆಯದೆಂದು ನಾನು, ಡಾಕ್ಟರು ಎಷ್ಟು ಹೇಳಿದರೂ ನಂಬುತ್ತಿಲ್ಲ. ಅವಳ ನಂಬರನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಫೋನ್ ಮಾಡಮ್ಮಾ. ನೀನು ಹೇಳಿದರೆ ನಂಬುತ್ತಾಳೆ.