ಗುಂಡು ಹಾರಿಸದವನಿಗೆ ಬಹುಮಾನ

ವಾಯಾವು ಕಣಿವೆ, ಸೌತ್‌ಲ್ಯಾಂಡ್
ಮಾರ್ಚ್ ೬, ೧೯೮೮

ಪ್ರಿಯ ಗ್ರೇಮ್,

ಮೊದಲು ತಪ್ಪೊಪ್ಪಿಗೆ. ಕಳೆದ ತಿಂಗಳು ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ, ನಾನು ಚುನಾವಣಾ ಫಲಕಗಳನ್ನು ಕದ್ದೆ. ಮತ ಎಣಿಸಿ ಆರು ತಿಂಗಳಾದರೂ ಆ ಸೋತ ಅಭ್ಯರ್ಥಿ ರಸ್ತೆಬದಿಯ ಬೇಲಿಗಳಲ್ಲಿ ನಗುತ್ತಲೇ ಇದ್ದ. ಅವನನ್ನು ಮನೆಗೆ ತಂದು ಗರಗಸದಿಂದ ಜಿಂಕೆಯ ಆಕಾರಕ್ಕೆ ಕೊಯ್ದೆ. ಈಗ ಒಂದು ಹೆಣ್ಣು ಜಿಂಕೆಯ ಹಿಂಭಾಗದಲ್ಲಿ ಅರ್ಧ ಮುಗುಳ್ನಗೆ ಉಳಿದಿದೆ. ಪಾಪ, ಗುರಿ ಮುಟ್ಟದವನು ಕೊನೆಗೆ ಗುರಿಯೇ ಆದ.

ನಿನ್ನ ಕ್ರಿಸ್ಮಸ್ ಕಾರ್ಡುಗಳಿಗೆ ಉತ್ತರ ಬರೆಯದೆ ಕೂತದ್ದು ಇದಕ್ಕಿಂತ ದೊಡ್ಡ ಅಪರಾಧ. ಕ್ಷಮಿಸು. ನೆಲ್ಸನ್ ಪಟ್ಟಣದ ಬಿಸಿಲು ನಿನ್ನ ಮಂಡಿಗಾದರೂ ಹಿತವಾಗಿದೆ ಅಂದುಕೊಂಡಿದ್ದೇನೆ. ಇಲ್ಲಿ ಎಂದಿನ ಹಾಗೆ ದಕ್ಷಿಣದ ಕೊರೆಯುವ ಗಾಳಿ. ಬೆಟ್ಟದ ಮೇಲೆ ಗಂಡು ಜಿಂಕೆಗಳು ಗಂಟಲು ಸರಿಮಾಡಿಕೊಳ್ಳುತ್ತಿವೆ. ಇನ್ನೆರಡು ವಾರಕ್ಕೆ ಕಾಡೆಲ್ಲ ಅವುಗಳ ಕೂಗು, ಅವುಗಳನ್ನು ಹತ್ತಿರ ಸೆಳೆಯಲು ಅವುಗಳಂತೆ ಕೂಗುವ ನಮ್ಮ ಬೇಟೆಗಾರರ ಕೂಗು.

ಆ ಕಾಲದ ಮಾತು ನಿನ್ನ ಹತ್ತಿರ ಎತ್ತಬಾರದೆಂದು ಎಲ್ಲರೂ ಅನ್ನುತ್ತಾರೆ. ಎತ್ತದೆ ಬೇರೆ ದಾರಿಯಿಲ್ಲ. ಜಿಂಕೆಯೆಂದು ನೀನು ಹಾರಿಸಿದ ಗುಂಡಿಗೆ ನಮ್ಮ ಟ್ರೆವರ್ ಬಿದ್ದ ಆ ಏಪ್ರಿಲ್‌ನಿಂದ ನೀನು ಬಂದೂಕು ಮುಟ್ಟಿಲ್ಲ, ಈ ಕಣಿವೆಗೂ ಕಾಲಿಟ್ಟಿಲ್ಲ. ನಮ್ಮ ಬೇಟೆ ಸಂಘದವರು ಈ ವರ್ಷ ಅವನ ಹೆಸರಿನಲ್ಲಿ ಒಂದು ಬಂದೂಕು ಸ್ಪರ್ಧೆ, ಒಂದು ಕಪ್ ಇಡೋಣ ಎಂದು ನೋಲೀನ್‌ಳನ್ನು ಕೇಳಿದರು. ಟ್ರೆವರ್‌ನ ಹೆಂಡತಿಯನ್ನು ಕೇಳದೆ ಹೇಗೆ? ಅವಳು ಸಭೆಯಲ್ಲಿ ಎದ್ದು ನಿಂತು ಹೇಳಿದಳು:

"ಚೆನ್ನಾಗಿ ಹೊಡೆಯೋನಿಗೆ ಕೊಡೋ ಕಪ್ ಆದ್ರೆ ನನ್ನ ಗಂಡನ ಹೆಸರು ಬೇಡ. ಹೊಡೀಬಾರದ ಕಡೆ ಹೊಡೀದೆ ಸುಮ್ಮನಿರೋನಿಗೆ ಕೊಡೋದಾದ್ರೆ, ಇಡಿ."

ಅಧ್ಯಕ್ಷರ ಕೈಲಿದ್ದ ಚೀಸ್ ರೋಲು ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಹಾಗೆ ಸುಮ್ಮನಿದ್ದವನನ್ನು ಗೆಲ್ಲಿಸುವ ಸ್ಪರ್ಧೆ ಹೇಗಿರುತ್ತದೆ? ಎಲ್ಲರೂ ನನ್ನ ಕಡೆ ತಿರುಗಿದರು. ಆಯುಷ್ಯವೆಲ್ಲ ಪ್ರಶ್ನೆಪತ್ರಿಕೆ ತಯಾರಿಸಿದವನು ನಾನೇ ತಾನೇ.

ಕುರಿ ಸಾಕುವ ಹೆಮಿ ಸ್ಪರ್ಧೆಗೆ ತನ್ನ ಹೊಲದ ಹಿಂದಿನ ಕೊರಕಲನ್ನು ಬಿಟ್ಟುಕೊಟ್ಟ. ಮೂರು ಕಡೆಯೂ ಎತ್ತರದ ಜೇಡಿಮಣ್ಣಿನ ದಿಬ್ಬ. ಯಾವ ಗುಂಡು ಎಲ್ಲಿ ತಪ್ಪಿದರೂ ಮಣ್ಣೇ ನುಂಗುತ್ತದೆ.

"ಮೇಷ್ಟ್ರೇ, ನನ್ನ ಕುರಿಗಳೇನಾದ್ರೂ ನಿಮ್ಮ ಪರೀಕ್ಷೆಗೆ ಬಂದು ಕೂತ್ರೆ?" ಅಂದ.

"ಕೂತ್ರೆ ಅವೇ ಮೊದಲು ಪಾಸಾಗ್ತವೆ. ಅವಕ್ಕೆ ಸುಮ್ನೆ ಕೂರೋದು ಗೊತ್ತು."

"ನಮ್ಮ ಸಂಘದವರಿಗಿಂತ ವಾಸಿ ಅನ್ನಿ," ಎಂದು ಕುರಿಗಳನ್ನು ಆಚೆ ಹೊಡೆದುಕೊಂಡು ಹೋದ.

ದಾರಿಯುದ್ದಕ್ಕೂ ಅಲ್ಲಲ್ಲಿ ಹೊಡೆಯುವ ಜಾಗಗಳು. ಒಂದು ಹೊತ್ತಿಗೆ ಒಬ್ಬನೇ ಸ್ಪರ್ಧಿ, ಪ್ರತಿ ಜಾಗದಲ್ಲೂ ಅವನ ಭುಜದ ಹಿಂದೆ ಒಬ್ಬ ಮೇಲ್ವಿಚಾರಕ. ನಡೆಯುವಾಗ ಬಂದೂಕು ಖಾಲಿ, ನಳಿಗೆ ನೆಲದ ಕಡೆ. ಗುಂಡು ತುಂಬುವುದು ಜಾಗಕ್ಕೆ ಬಂದು ಕೂತ ಮೇಲೆ. ಗುಂಡು ಹಾಕಿ ಬಂದವನು ಗುಂಡು ಹಾರಿಸುವಂತಿಲ್ಲ. ಈ ನಿಯಮಕ್ಕೆ ಅಧ್ಯಕ್ಷರೊಬ್ಬರದೇ ವಿರೋಧ. ದೂರ ಎಷ್ಟೆಂದು ಯಾರೂ ಹೇಳುವುದಿಲ್ಲ. ಏರು ಹತ್ತಿ, ಎದೆ ಡವಡವ ಅನ್ನುತ್ತಿರುವಾಗಲೇ, ಮರಕ್ಕೆ ಒರಗಿ ಹೊಡೆಯಬೇಕು. ಹಲಗೆ ಜಿಂಕೆಯ ಎದೆಗೆ ತಗುಲಿದರೆ ಅಂಕ, ಹೊಟ್ಟೆಗೆ ತಗುಲಿದರೆ ಇದ್ದ ಅಂಕವೂ ಹೋಯಿತು. ಗಾಯಗೊಂಡ ಪ್ರಾಣಿಯ ಹಿಂದೆ ಕತ್ತಲಲ್ಲಿ ಅಲೆದವನಿಗೆ ಇದರ ನ್ಯಾಯ ಗೊತ್ತು.

ಕೊನೆಯ ಜಾಗ ನೋಲೀನ್ ಆಡಿದ ಮಾತಿಗಾಗಿ ಮಾಡಿದ್ದು. ಗುಂಡಿಯಲ್ಲಿ ಅಡಗಿಸಿಟ್ಟ ಟೇಪ್ ರೆಕಾರ್ಡರಿನಿಂದ ಗಂಡು ಜಿಂಕೆಯ ಕೂಗು. ಜರೀಗಿಡಗಳ ಹಿಂದೆ ಕಂದು ಬಣ್ಣದ್ದೇನೋ. ಅದು ಜಿಂಕೆಯ ಹಲಗೆಯೂ ಆಗಿರಬಹುದು, ಅಂಗಿ ತೊಡಿಸಿದ ಹುಲ್ಲಿನ ಮನುಷ್ಯನೂ ಆಗಿರಬಹುದು. ಕಂಡದ್ದನ್ನು ಸ್ಪರ್ಧಿ ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ಹೊಡೆಯಬಹುದು. ಹುಲ್ಲಿನವನನ್ನು ಹೊಡೆದರೆ ದಿನದ ಅಂಕವೆಲ್ಲ ಸೊನ್ನೆ. ಹೊಡೆಯದೆ ಎದ್ದು ಬಂದರೆ ಪೂರ್ತಿ ಅಂಕ. ಬಾಯಲ್ಲಿ ಹೇಳಿಸಿಬಿಟ್ಟರೆ ಕಣ್ಣು ಮೋಸ ಮಾಡಲಾರದು ಎಂಬುದು ನನ್ನ ಸಿದ್ಧಾಂತ. ಸರಿಯಾಗಿ ನೋಡುವವನಿಗೆ ಈ ತಪ್ಪು ಆಗುವುದೇ ಇಲ್ಲ ಎಂದು ಸಭೆಯಲ್ಲಿ ಎದೆತಟ್ಟಿಕೊಂಡೆ. ನಲವತ್ತು ವರ್ಷದ ಬೇಟೆಯಲ್ಲಿ ನನಗೆ ಒಮ್ಮೆಯೂ ಆಗಿಲ್ಲವಲ್ಲ.

ಇನ್ನು ಬರೆಯಬೇಕಾದ ಮಾತು. ಆ ಕೊನೆಯ ಜಾಗಕ್ಕೆ ಮೇಲ್ವಿಚಾರಕನಾಗಿ ನೀನು ಬರಬೇಕು. ಹತ್ತೊಂಬತ್ತರ ಶನಿವಾರ. ಇದು ನನ್ನ ಆಲೋಚನೆಯಲ್ಲ, ನೋಲೀನ್‌ಳದು.

"ಅವನೇ ಬೇಕು," ಅಂದಳು. "ಅಲ್ಲಿ ಕೂತೋರ ಹಿಂದೆ ನಿಂತು ‘ಇನ್ನೊಂದ್ಸಲ ನೋಡು’ ಅಂತ ಅವನು ಹೇಳಿದ್ರೆ ಕೇಳ್ತಾರೆ. ನೀನು ಹೇಳಿದ್ರೆ ನಗ್ತಾರೆ."

"ಬರದೇ ಹೋದ್ರೆ?"

"ಆ ಜಾಗದಲ್ಲಿ ಯಾರೂ ಇರೋದಿಲ್ಲ. ಸ್ಪರ್ಧೆನೂ ಇರೋದಿಲ್ಲ."

ಬೇಟೆಗೆ ಬೇಡ, ಭೇಟಿಗೆ ಬಾ. ಬಂದೂಕು ಮುಟ್ಟಬೇಕಿಲ್ಲ. ನಮ್ಮ ಮನೆಯಲ್ಲಿ ಮಂಚವಿದೆ, ಕಾಯಿಸಿದರೆ ಬಿಸಿಯಾಗುವ ಕೋಣೆಯಿದೆ. ನಿನಗೆ ಆರೋಗ್ಯವಿರಲಿ, ನಿದ್ದೆ ಬರಲಿ; ಎರಡನೆಯದು ಹೆಚ್ಚಾಗಿಯೇ ಬರಲಿ.

ನಿನ್ನ
ಲಿಂಡ್ಸೆ

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ಮೊನ್ನೆ ಸ್ಪರ್ಧೆಯ ದಾರಿಯನ್ನು ನಾನೇ ಪರೀಕ್ಷಿಸಿದೆ. ನನಗೆ ಗೊತ್ತಾಗದಂತೆ ಹಲಗೆಗಳನ್ನೆಲ್ಲ ನೋಲೀನ್ ಬದಲಿಸಿಟ್ಟಿದ್ದಳು. ಕೊನೆಯ ಜಾಗದಲ್ಲಿ ಏದುಸಿರು ಬಿಡುತ್ತ ಕೂತೆ, ಪಕ್ಕದಲ್ಲಿ ನೋಲೀನ್. ಕೂಗು ಕೇಳಿತು. "ಕಿವಿ," ಅಂದೆ. "ಕುತ್ತಿಗೆ. ಕೊಂಬು, ಎಡಗಡೆದು," ಅಂದೆ. ಹೊಡೆದೆ.

ಹತ್ತಿರ ಹೋಗಿ ನೋಡಿದರೆ ಹುಲ್ಲಿನವನು. ಕಿವಿಯಿಲ್ಲ, ಕೊಂಬಿಲ್ಲ. ನೋಲೀನ್ ಅವನ ಅಂಗಿಯ ತೂತಿನೊಳಕ್ಕೆ ಹುಲ್ಲು ತುರುಕಿದಳು. ಆಮೇಲೆ, "ನಿನ್ನ ಮುಖಾನೇ ನೋಡ್ತಿದ್ದೆ ಲಿಂಡ್ಸೆ. ನೀನು ಸುಳ್ಳು ಹೇಳ್ಲಿಲ್ಲ. ನಿನಗೆ ಕಂಡಿತ್ತು," ಅಂದಳು.

ಟ್ರೆವರ್‌ನ ಸಾವಿನ ವಿಚಾರಣೆಯ ದಿನ ನೀನು ಕೊಂಬು ನೋಡಿದೆ ಎಂದಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ನಿನ್ನನ್ನು ನಂಬಲಿಲ್ಲ. ಹೆದರಿ ಸುಳ್ಳು ಹೇಳುತ್ತಿದ್ದಾನೆ ಎಂದು ಹೊರಗೆ ಬಂದು ನಾಲ್ಕು ಜನಕ್ಕೆ ಹೇಳಿದೆ. ನಿನ್ನ ಕಾರ್ಡುಗಳಿಗೆ ಉತ್ತರ ಬರೆಯದ್ದು ಸೋಮಾರಿತನದಿಂದಲ್ಲ, ಗ್ರೇಮ್. ನೀನು ಸುಳ್ಳುಗಾರ, ನಾನು ಸರಿಯಾಗಿ ನೋಡುವವನು ಎಂದುಕೊಂಡಿದ್ದೆ.